ಒಬಿಎಸ್‌ನಲ್ಲಿ ಗಣಿತದ ಪಾಠ ರೆಕಾರ್ಡ್ ಮಾಡುವ ಬಗೆ: ನನ್ನ ಅನುಭವ

ಹತ್ತನೇ ತರಗತಿಯ ಗಣಿತದ ಪಾಠಗಳನ್ನು ನಾನು ಒಬಿಎಸ್ ಸ್ಟುಡಿಯೊದಲ್ಲಿ ರೆಕಾರ್ಡ್ ಮಾಡುತ್ತೇನೆ. ಇದು ಕಂಪ್ಯೂಟರಿನ ಪರದೆ, ಕ್ಯಾಮೆರಾ, ಮೈಕ್ ಎಲ್ಲವನ್ನೂ ಸೇರಿಸಿ ವಿಡಿಯೊ ಮಾಡುವ ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ವಿಡಿಯೊ ಮೇಲೆ ತನ್ನ ಹೆಸರಿನ ಮುದ್ರೆ ಒತ್ತುವುದಿಲ್ಲ, ಇಷ್ಟೇ ನಿಮಿಷ ಎಂಬ ಮಿತಿಯನ್ನೂ ಹಾಕುವುದಿಲ್ಲ. ಆದರೆ ಇದನ್ನು ಮುಖ್ಯವಾಗಿ ನೇರ ಪ್ರಸಾರ ಮಾಡುವವರಿಗೆಂದು ಕಟ್ಟಿದ್ದಾರೆ. ಹಾಗಾಗಿ ಮೊದಲಿಗೆ ತಾನಾಗಿ ಬರುವ ಸೆಟ್ಟಿಂಗ್‌ಗಳು ಪಾಠಕ್ಕೆ ಅಷ್ಟಾಗಿ ಹೊಂದುವುದಿಲ್ಲ. ಪಾಠ ನೋಡುವ ಮಗುವಿನ ಕೈಯಲ್ಲಿರುವುದು ಆರಿಂಚಿನ ಫೋನ್, ಅದೂ ಅಪ್ಪನದೋ ಅಕ್ಕನದೋ. ದಿನದ ಡೇಟಾದಲ್ಲಿ ಮನೆಮಂದಿಗೆಲ್ಲ ಪಾಲು. ಕೆಳಗೆ ಬರುವ ಒಂದೊಂದು ಅಂಕಿಯನ್ನೂ ಆ ಫೋನನ್ನು ಕಣ್ಣ ಮುಂದಿಟ್ಟುಕೊಂಡೇ ಆರಿಸಿದ್ದೇನೆ.

ರೆಕಾರ್ಡ್ ಗುಂಡಿ ಒತ್ತುವ ಮೊದಲು ಬರವಣಿಗೆ ಮುಗಿದಿರಬೇಕು. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಸುಮಾರು ಹತ್ತು ನಿಮಿಷದ ಪಾಠಗಳಿಗೆ ಎರಡು ಅಂಕಣದ ಬರಹ ಬಳಸುತ್ತಾರೆ: ಎಡಕ್ಕೆ ಪರದೆಯಲ್ಲಿ ಏನು ಕಾಣಬೇಕು, ಬಲಕ್ಕೆ ಏನು ಹೇಳಬೇಕು. ನಾನೂ ಅದನ್ನೇ ಹಿಡಿದಿದ್ದೇನೆ. ಥೇಲ್ಸ್‌ನ ಪ್ರಮೇಯದ ಪಾಠವಾದರೆ ಎಡ ಅಂಕಣದಲ್ಲಿ ‘ಎಬಿಸಿ ತ್ರಿಭುಜ, ಬಿಸಿಗೆ ಸಮಾಂತರವಾಗಿ ಡಿಇ ಎಳೆಯುವುದು, ಡಿಇ ಕೆಂಪು’ ಎಂದಿರುತ್ತದೆ, ಬಲಕ್ಕೆ ಅದರ ಮಾತು. ನನ್ನ ಮಾತಿನ ವೇಗ ನಿಮಿಷಕ್ಕೆ 90ರಿಂದ 100 ಪದ, ಆದ್ದರಿಂದ ಏಳು ನಿಮಿಷದ ಪಾಠಕ್ಕೆ 650 ಪದ ಸಾಕು. ಬರೆಯದೆ ಕೂತರೆ ಅದೇ ಪಾಠ ಹದಿನಾಲ್ಕು ನಿಮಿಷಕ್ಕೆ ಹಿಗ್ಗುತ್ತದೆ. ಹೆಚ್ಚಿದ ಏಳು ನಿಮಿಷದಲ್ಲಿ ಇರುವುದು ಬರೀ ‘ಅಂದರೆ’, ‘ಈಗ ನೋಡಿ’.

ಇನ್ನು ಪರದೆಯ ಅಳತೆ. ಹಲವು ಹಳೆಯ ಲ್ಯಾಪ್‌ಟಾಪ್‌ಗಳ ಪರದೆ 1366×768. ಅದನ್ನು ಹಾಗೇ ಹಿಡಿದು 1280×720ಕ್ಕೆ ಕುಗ್ಗಿಸಿದರೆ ಅಕ್ಷರಗಳ ಅಂಚು ಮಸುಕಾಗುತ್ತದೆ, ಮೊದಲು ಕೆಡುವುದು ಸಣ್ಣ ಒತ್ತಕ್ಷರಗಳೇ. ಅದಕ್ಕೇ ರೆಕಾರ್ಡ್ ಮಾಡುವಷ್ಟು ಹೊತ್ತು ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲೇ ಪರದೆಯನ್ನು 1280×720 ಮಾಡಿಕೊಳ್ಳುತ್ತೇನೆ. ಆಮೇಲೆ ಒಬಿಎಸ್‌ನ ಸೆಟ್ಟಿಂಗ್ಸ್, ವಿಡಿಯೊ ಪುಟದಲ್ಲಿ ಬೇಸ್ (ಹಿಡಿಯುವ ಚಿತ್ರ) ಮತ್ತು ಔಟ್‌ಪುಟ್ (ಉಳಿಸುವ ವಿಡಿಯೊ) ಎರಡಕ್ಕೂ ಅದೇ ಅಳತೆ. ಆಗ ಪರದೆಯ ಒಂದು ಚುಕ್ಕೆಗೆ ವಿಡಿಯೊದಲ್ಲೂ ಒಂದೇ ಚುಕ್ಕೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ನೋಡುವಾಗ ಪರದೆ ಸ್ವಲ್ಪ ಮಂಜಾಗಿ ಕಾಣುತ್ತದೆ, ಹೆದರಬೇಡಿ. ಹಿಗ್ಗಿಸುವ ಕೆಲಸ ನಡೆಯುವುದು ಪರದೆಗೆ ಹೋಗುವ ದಾರಿಯಲ್ಲಿ. ಒಬಿಎಸ್ ಚಿತ್ರ ಎತ್ತಿಕೊಳ್ಳುವುದು ಅದಕ್ಕೂ ಮೊದಲೇ. ಐಕಾನು, ಮೆನು, ಗಣಿತದ ಚಿತ್ರ ಬಿಡಿಸುವ ಜಿಯೋಜೀಬ್ರಾದ ಗುಂಡಿಗಳೆಲ್ಲ ದೊಡ್ಡದಾಗುವುದು ಇನ್ನೊಂದು ಲಾಭ. ಪರದೆ 1920×1080 ಇದ್ದವರು ಅದನ್ನು ಹಾಗೇ ಬಿಟ್ಟು, ವಿಂಡೋಸ್‌ನ ಸ್ಕೇಲ್ ಶೇಕಡಾ 150ಕ್ಕೆ ಏರಿಸಿ, ಒಬಿಎಸ್‌ನಲ್ಲಿ ಔಟ್‌ಪುಟ್ ಮಾತ್ರ 1280×720 ಇಟ್ಟು, ಕುಗ್ಗಿಸುವ ಬಗೆ ಹೇಳುವ ಡೌನ್‌ಸ್ಕೇಲ್ ಫಿಲ್ಟರ್‌ನಲ್ಲಿ ಲಾಂಕ್ಸೋಸ್ ಆರಿಸಿದರೆ ಸರಿಹೋಗುತ್ತದೆ.

ಸ್ಲೈಡು ಮತ್ತು ಬರವಣಿಗೆ ಮಾತ್ರ ಇದ್ದರೆ ಸೆಕೆಂಡಿಗೆ 15 ಫ್ರೇಮ್ ಸಾಕು. ಮುಖವೂ ಕಾಣಬೇಕೆಂದರೆ 25 ಇಡುತ್ತೇನೆ, 30 ಅಲ್ಲ. ನಮ್ಮಲ್ಲಿ ವಿದ್ಯುತ್ತು 50 ಹರ್ಟ್ಸ್. ಟ್ಯೂಬ್‌ಲೈಟ್ ಬೆಳಕಲ್ಲಿ ಕ್ಯಾಮೆರಾ 30ರಲ್ಲಿ ಓಡಿದರೆ ಮುಖದ ಮೇಲೆ ಕಪ್ಪು ಪಟ್ಟೆಗಳು ಹರಿದಾಡುವುದುಂಟು. ಕ್ಯಾಮೆರಾದ ಪ್ರಾಪರ್ಟೀಸ್‌ನಲ್ಲಿ ಕಾನ್ಫಿಗರ್ ವಿಡಿಯೊ ಒತ್ತಿ, ಪವರ್‌ಲೈನ್ ಫ್ರೀಕ್ವೆನ್ಸಿಯನ್ನೂ 50ಕ್ಕೆ ತಂದುಬಿಡಿ.

ಏನನ್ನು ಹಿಡಿಯಬೇಕೆಂದು ಆರಿಸುವ ಸೋರ್ಸಸ್ ಪಟ್ಟಿಯಲ್ಲಿ ಡಿಸ್‌ಪ್ಲೇ ಕ್ಯಾಪ್ಚರ್ (ಇಡೀ ಪರದೆ) ಬೇಕೋ ವಿಂಡೋ ಕ್ಯಾಪ್ಚರ್ (ಒಂದೇ ಕಿಟಕಿ) ಬೇಕೋ ಎಂದು ಬಹಳ ಜನ ಕೇಳುತ್ತಾರೆ. ವಿಂಡೋ ಕ್ಯಾಪ್ಚರ್ ಅಚ್ಚುಕಟ್ಟು, ಬೇರೆ ಕಿಟಕಿ ಏನೂ ಕಾಣುವುದಿಲ್ಲ. ಆದರೆ ಬಲಗುಂಡಿ ಒತ್ತಿದಾಗ ತೆರೆಯುವ ಮೆನು ಅದರಲ್ಲಿ ಬರುವುದಿಲ್ಲ. ಪವರ್‌ಪಾಯಿಂಟ್ ಪೂರ್ಣ ಪರದೆಗೆ ಹೋದರೆ ಅದು ಹೊಸ ಕಿಟಕಿ, ಒಬಿಎಸ್ ಹಳೆಯದನ್ನೇ ಹಿಡಿದುಕೊಂಡು ಕೂತಿರಬಹುದು. ಪಾಠಕ್ಕೆ ಡಿಸ್‌ಪ್ಲೇ ಕ್ಯಾಪ್ಚರ್ ವಾಸಿ ಎಂಬುದು ನನ್ನ ತೀರ್ಮಾನ. ಅದನ್ನು ಬಳಸುವಾಗ ವಾಟ್ಸ್‌ಆ್ಯಪ್ ವೆಬ್ ಮುಚ್ಚಿ, ಡು ನಾಟ್ ಡಿಸ್ಟರ್ಬ್ ಹಾಕಿ. ಡಿಸ್‌ಪ್ಲೇ ಕ್ಯಾಪ್ಚರ್ ಕಪ್ಪಾಗಿ ಕಂಡರೆ ನಿಮ್ಮ ಲ್ಯಾಪ್‌ಟಾಪಿನಲ್ಲಿ ಎರಡು ಗ್ರಾಫಿಕ್ಸ್ ಚಿಪ್ ಇವೆಯೇ ಎಂದು ನೋಡಿ. ಪರದೆಯನ್ನು ನಡೆಸುವುದು ಒಂದು ಚಿಪ್, ಒಬಿಎಸ್ ಓಡುತ್ತಿರುವುದು ಇನ್ನೊಂದರಲ್ಲಿ. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್, ಗ್ರಾಫಿಕ್ಸ್ ವಿಭಾಗದಲ್ಲಿ ಒಬಿಎಸ್ ಅನ್ನು ಸೇರಿಸಿ ಪವರ್ ಸೇವಿಂಗ್ ಎಂದು ಆರಿಸಿ, ಒಬಿಎಸ್ ಮುಚ್ಚಿ ಮತ್ತೆ ತೆರೆದರೆ ಚಿತ್ರ ಬರುತ್ತದೆ.

ಕಡತದ ಗಾತ್ರ ನಿರ್ಧಾರವಾಗುವುದು ಔಟ್‌ಪುಟ್ ಪುಟದಲ್ಲಿ. ಮೋಡ್ ಅನ್ನು ಅಡ್ವಾನ್ಸ್ಡ್‌ಗೆ ಬದಲಿಸಿ, ರೆಕಾರ್ಡಿಂಗ್ ವಿಭಾಗದಲ್ಲಿ ಎನ್‌ಕೋಡರ್ (ವಿಡಿಯೊವನ್ನು ಹಿಂಡಿ ಚಿಕ್ಕದಾಗಿಸುವ ಭಾಗ) ಎಕ್ಸ್264, ರೇಟ್ ಕಂಟ್ರೋಲ್ ಸಿಆರ್‌ಎಫ್, ಅದರ ಬೆಲೆ 23, ಕೀಫ್ರೇಮ್ ಅಂತರ 2 ಸೆಕೆಂಡ್, ಪ್ರಿಸೆಟ್ ವೆರಿಫಾಸ್ಟ್. ಸಿಆರ್‌ಎಫ್ ಬದಲು ಸಿಬಿಆರ್, ಅಂದರೆ ಪ್ರತಿ ಸೆಕೆಂಡಿಗೂ ಒಂದೇ ಪ್ರಮಾಣದ ಡೇಟಾ, ಇಟ್ಟು 2500 ಕೆಬಿಪಿಎಸ್ (ಸೆಕೆಂಡಿಗೆ ಕಿಲೊಬಿಟ್) ಕೊಟ್ಟರೆ ಪರದೆ ಅಲುಗಾಡದೆ ನಿಂತಿದ್ದರೂ ಹತ್ತು ನಿಮಿಷಕ್ಕೆ ಸುಮಾರು 190 ಎಂಬಿ ತುಂಬುತ್ತದೆ. ಸಿಆರ್‌ಎಫ್ ಹಾಗಲ್ಲ, ಚಿತ್ರ ಬದಲಾದಷ್ಟೇ ಖರ್ಚು ಮಾಡುತ್ತದೆ. ನನ್ನ ಹತ್ತು ನಿಮಿಷದ ಪಾಠಗಳು 30ರಿಂದ 45 ಎಂಬಿಯಲ್ಲಿ ಮುಗಿಯುತ್ತವೆ. ಧ್ವನಿಗೆ 128 ಕೆಬಿಪಿಎಸ್, ಅದರ ಪಾಲು ಹತ್ತು ನಿಮಿಷಕ್ಕೆ 10 ಎಂಬಿಯ ಒಳಗೆ. ಎನ್‌ಕೋಡಿಂಗ್ ಓವರ್‌ಲೋಡೆಡ್ ಎಂಬ ಸಂದೇಶ ಬಂದರೆ ಪ್ರಿಸೆಟ್ ಅನ್ನು ಸೂಪರ್‌ಫಾಸ್ಟ್ ಮಾಡಿ, ಇಲ್ಲವೇ ಇಂಟೆಲ್‌ನ ಕ್ವಿಕ್‌ಸಿಂಕ್ ಇದ್ದರೆ ಅದಕ್ಕೆ ಬದಲಿಸಿ.

ಉಳಿಸುವ ಮಾದರಿ ಎಂಕೆವಿ ಇರಲಿ. ಸಾಮಾನ್ಯ ಎಂಪಿ4 ಕಡತದ ಸೂಚಿ ಬರೆಯಲ್ಪಡುವುದು ಕೊನೆಗೆ, ಸ್ಟಾಪ್ ಒತ್ತಿದಾಗ. ನಡುವೆ ಕರೆಂಟು ಹೋಗಿ ಕಂಪ್ಯೂಟರ್ ಆರಿದರೆ ಇಡೀ ಕಡತ ತೆರೆಯದಂತಾಗುತ್ತದೆ. ಎಂಕೆವಿಯಲ್ಲಿ ಅಲ್ಲಿಯವರೆಗಿನ ಪಾಠ ಉಳಿಯುತ್ತದೆ. ಮುಗಿದ ಮೇಲೆ ಫೈಲ್ ಮೆನುವಿನ ರೀಮಕ್ಸ್ ರೆಕಾರ್ಡಿಂಗ್ಸ್‌ನಲ್ಲಿ ಕೆಲವೇ ಸೆಕೆಂಡಿನಲ್ಲಿ ಎಂಪಿ4 ಮಾಡಿಕೊಳ್ಳಬಹುದು, ಗುಣಮಟ್ಟ ಕಡಿಮೆಯಾಗುವುದಿಲ್ಲ. ರೆಕಾರ್ಡಿಂಗನ್ನು ನಡುವೆ ತಡೆದು ಮುಂದುವರಿಸುವ ಪಾಸ್ (Pause) ಗುಂಡಿ ಕಾಣದಿದ್ದರೆ ಕಾರಣವೂ ಇದೇ ಪುಟದಲ್ಲಿದೆ: ರೆಕಾರ್ಡಿಂಗ್‌ಗೆ ಸ್ಟ್ರೀಮ್‌ನ ಎನ್‌ಕೋಡರ್ ಅನ್ನೇ ಬಳಸು ಎಂದಿದ್ದರೆ ಪಾಸ್ ಸಿಗದು.

ಧ್ವನಿಯ ವಿಷಯ ನಿಧಾನವಾಗಿ ಹೇಳುತ್ತೇನೆ. ಚಿತ್ರ ಸ್ವಲ್ಪ ಮಂಜಾದರೂ ಮಕ್ಕಳು ನೋಡುತ್ತಾರೆ. ಮಾತು ಕೇಳದಿದ್ದರೆ ಎರಡನೇ ನಿಮಿಷಕ್ಕೆ ಮುಚ್ಚಿಬಿಡುತ್ತಾರೆ. ಲ್ಯಾಪ್‌ಟಾಪಿನ ಒಳಗಿನ ಮೈಕ್ ಬೇಡ, ಅದಕ್ಕೆ ಕೀಲಿಮಣೆಯ ಸದ್ದೇ ಹತ್ತಿರ. ತಂತಿಯ ಕಾಲರ್ ಮೈಕ್ ಗದ್ದದಿಂದ 15ರಿಂದ 20 ಸೆಂಟಿಮೀಟರ್ ಕೆಳಗೆ, ಬಾಯಿಯ ನೇರಕ್ಕಲ್ಲದೆ ಸ್ವಲ್ಪ ಪಕ್ಕಕ್ಕೆ ಇರಲಿ. ನೇರ ಇದ್ದರೆ ‘ಪ’, ‘ಫ’, ‘ಭ’ ಬಂದಲ್ಲೆಲ್ಲ ಡಬ್ ಎಂದು ಬಡಿಯುತ್ತದೆ. ಬ್ಲೂಟೂತ್ ಇಯರ್‌ಫೋನಿನ ಮೈಕನ್ನೂ ಬಳಸಬೇಡಿ. ಮೈಕ್ ತೆರೆದ ಕೂಡಲೇ ಅದು ಫೋನ್ ಕರೆಯ ಗುಣಮಟ್ಟಕ್ಕೆ ಇಳಿಯುತ್ತದೆ. ಫ್ಯಾನ್ ಆರಿಸಿ, ನೆಲಕ್ಕೆ ಜಮಖಾನ ಹಾಸಿ, ಎದುರಿನ ಬರೀ ಗೋಡೆಗೆ ಒಂದು ಕಂಬಳಿ ಇಳಿಬಿಡಿ. ಟೈಲ್ಸ್ ಹಾಕಿದ ಕೋಣೆಯ ಮಾರ್ದನಿಯನ್ನು ಆಮೇಲೆ ತೆಗೆಯುವುದು ಬಹಳ ಕಷ್ಟ, ಫ್ಯಾನಿನ ಸದ್ದನ್ನಾದರೂ ತೆಗೆಯಬಹುದು.

ಆಡಿಯೊ ಮಿಕ್ಸರ್‌ನಲ್ಲಿ ಮಾತಿನ ಪಟ್ಟಿ ಹಳದಿಯೊಳಗೆ, ಅಂದರೆ −20 ಮತ್ತು −9 ಡೆಸಿಬೆಲ್ ನಡುವೆ ಆಡುತ್ತಿರಲಿ. ಕೆಂಪು ಮುಟ್ಟಿದರೆ ವಿಂಡೋಸ್‌ನಲ್ಲೇ ಮೈಕಿನ ಮಟ್ಟ ತಗ್ಗಿಸಿ. ಮೈಕಿನ ಮೇಲೆ ಫಿಲ್ಟರ್ಸ್ ತೆರೆದು ಈ ಕ್ರಮದಲ್ಲಿ ಹಾಕಿದ್ದೇನೆ: ಮೊದಲು ಹಿನ್ನೆಲೆಯ ಸದ್ದು ತಗ್ಗಿಸುವ ನಾಯ್ಸ್ ಸಪ್ರೆಶನ್, ಅದರಲ್ಲಿ ಆರ್‌ಎನ್‌ನಾಯ್ಸ್, ನಂತರ ಜೋರು ಮೆಲುದನಿಗಳ ಅಂತರ ಕಡಿಮೆ ಮಾಡುವ ಕಂಪ್ರೆಸರ್, ಅನುಪಾತ 3, ಥ್ರೆಶೋಲ್ಡ್ −18, ಕೊನೆಗೆ ಧ್ವನಿ ಮಿತಿ ಮೀರದಂತೆ ತಡೆಯುವ ಲಿಮಿಟರ್ −6. ಕಂಪ್ರೆಸರ್ ಮೊದಲು ಬಂದರೆ ಮಾತಿನ ಜೊತೆಗೆ ಸದ್ದನ್ನೂ ಎತ್ತಿ ಹಿಡಿಯುತ್ತದೆ, ಅದಕ್ಕೇ ಈ ಕ್ರಮ.

ದನಿ ಒಂದು ಮಟ್ಟಕ್ಕಿಂತ ಇಳಿದಾಗ ಮೈಕನ್ನೇ ಮುಚ್ಚುವ ನಾಯ್ಸ್ ಗೇಟ್ ಹಾಕಿ ಎಂದು ಬಹಳ ಕಡೆ ಸಲಹೆ ಕೊಡುತ್ತಾರೆ. ಕನ್ನಡ ಪಾಠಕ್ಕೆ ನಾನು ಅದನ್ನು ಹಾಕುವುದಿಲ್ಲ. ನಮ್ಮ ವಾಕ್ಯ ಮುಗಿಯುವುದು ಕ್ರಿಯಾಪದದಲ್ಲಿ, ಹೇಳುವಾಗ ದನಿಯೂ ಅಲ್ಲಿ ಇಳಿಯುತ್ತದೆ. ‘ಸಮವಾಗಿರುತ್ತದೆ’, ‘ಸಮವಾಗಿರುವುದಿಲ್ಲ’ ಎಂಬ ಎರಡರ ವ್ಯತ್ಯಾಸ ಇರುವುದೇ ಆ ಇಳಿದ ಬಾಲದಲ್ಲಿ. ಗೇಟ್ ಮೊದಲೇ ಇಟ್ಟುಕೊಂಡಿರುವ −32ರಲ್ಲಿ ಮುಚ್ಚಿದರೆ ಮೆಲುದನಿಯವರ ಮಾತಿನ ಬಾಲವೇ ಕತ್ತರಿಸಿಹೋಗಿ, ಗಣಿತದ ಅರ್ಥವೇ ತಿರುಗಿಬೀಳುತ್ತದೆ. ಹಾಕಲೇಬೇಕೆಂದರೆ ಕ್ಲೋಸ್ −45, ಓಪನ್ −38, ಹೋಲ್ಡ್ 400 ಮಿಲಿಸೆಕೆಂಡ್ ಮಾಡಿ, ವಾಕ್ಯದ ಕೊನೆ ಕೇಳಿ ನೋಡಿ.

ಧ್ವನಿ ಒಂದೇ ಕಿವಿಗೆ ಬರುತ್ತಿದ್ದರೆ ಅಡ್ವಾನ್ಸ್ಡ್ ಆಡಿಯೊ ಪ್ರಾಪರ್ಟೀಸ್‌ನಲ್ಲಿ ಮೈಕಿನ ಎದುರು ಮೋನೊ ಗುರುತು ಹಾಕಿ. ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ ಆದರೆ ಅಲ್ಲೇ ಸಿಂಕ್ ಆಫ್‌ಸೆಟ್ ಇದೆ. ಸಾಮಾನ್ಯವಾಗಿ ಹಿಂದುಳಿಯುವುದು ಕ್ಯಾಮೆರಾ, ಆದ್ದರಿಂದ ಮೈಕಿಗೆ 100ರಿಂದ ಶುರುಮಾಡಿ 50 ಮಿಲಿಸೆಕೆಂಡಿನಂತೆ ಏರಿಸುತ್ತ, ಚಪ್ಪಾಳೆ ತಟ್ಟಿ ಪರೀಕ್ಷಿಸಿ.

ಪರದೆಯ ಮೇಲಿನ ಕನ್ನಡ ಅಕ್ಷರಗಳದ್ದು ಬೇರೆಯೇ ಕಥೆ. ವಿಂಡೋಸ್‌ನ ಒಬಿಎಸ್‌ನಲ್ಲಿ ಟೆಕ್ಸ್ಟ್ ಸೋರ್ಸ್ ಸೇರಿಸಿ ನಿರ್ಮಲಾ ಯುಐ ಅಕ್ಷರ ಆರಿಸಿದರೆ ಒತ್ತಕ್ಷರ ಸರಿಯಾಗಿ ಕೂರುತ್ತದೆ. ಲಿನಕ್ಸ್‌ನಲ್ಲಿರುವುದು ಫ್ರೀಟೈಪ್ ಆಧಾರದ ಟೆಕ್ಸ್ಟ್ ಸೋರ್ಸ್, ಅದಕ್ಕೆ ಅಕ್ಷರ ಜೋಡಿಸುವುದು ಬಾರದು. ‘ತ್ರಿಭುಜ’ ಎಂದು ಬರೆದರೆ ‘ತ್‌ರಿಭುಜ’ ಎಂಬಂತೆ ಬಿಡಿಬಿಡಿಯಾಗಿ ಕಾಣುತ್ತದೆ. ಅಲ್ಲಿ ಶೀರ್ಷಿಕೆಯನ್ನು ಲಿಬ್ರೆಆಫೀಸ್‌ನಲ್ಲೋ ಇಂಕ್‌ಸ್ಕೇಪ್‌ನಲ್ಲೋ ಬರೆದು ಪಿಎನ್‌ಜಿ ಚಿತ್ರವಾಗಿ ಉಳಿಸಿ ಇಮೇಜ್ ಸೋರ್ಸ್ ಆಗಿ ಸೇರಿಸುತ್ತೇನೆ. ಹಳೆಯ ಪ್ರಶ್ನೆಪತ್ರಿಕೆಗಳು ನುಡಿ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರದಲ್ಲಿದ್ದರೆ ನೇರ ಅಂಟಿಸಬೇಡಿ, ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಮೊದಲು ನುಡಿಯ ಪರಿವರ್ತಕದಲ್ಲಿ ಯೂನಿಕೋಡ್ ಮಾಡಿಕೊಳ್ಳಿ. ಸ್ಲೈಡಿನಲ್ಲಿ ಅಕ್ಷರ 28 ಪಾಯಿಂಟಿಗಿಂತ ಕಡಿಮೆ ಬೇಡ, ಸಾಲು ಆರಕ್ಕಿಂತ ಹೆಚ್ಚು ಬೇಡ, ಸಾಲಿನ ಅಂತರ 1.2 ಇರಲಿ. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸನ್ನು ಮುಟ್ಟುತ್ತದೆ.

ಪರದೆಯ ಮೇಲೆ ಗೆರೆ ಎಳೆಯಲು ಮೈಕ್ರೋಸಾಫ್ಟ್‌ನ ಉಚಿತ ಝೂಮಿಟ್ ಸಾಕು. ಕಂಟ್ರೋಲ್ ಜೊತೆ 1 ಒತ್ತಿದರೆ ಪರದೆ ಹಿಗ್ಗುತ್ತದೆ, 2 ಒತ್ತಿದರೆ ಹಿಗ್ಗದೆ ಬರೆಯಬಹುದು, ಎಸ್ಕೇಪ್ ಒತ್ತಿದರೆ ಹೊರಗೆ. ಪೂರ್ತಿ ಲೆಕ್ಕ ಬಿಡಿಸುವುದಿದ್ದರೆ ಪರದೆಯನ್ನೇ ಬೋರ್ಡ್ ಮಾಡುವ ಓಪನ್‌ಬೋರ್ಡ್ ತಂತ್ರಾಂಶ, ಜೊತೆಗೊಂದು ಪೆನ್ ಟ್ಯಾಬ್ಲೆಟ್. ಮೌಸ್ ಹಿಡಿದು ವರ್ಗಮೂಲದ ಚಿಹ್ನೆ ಬರೆಯಲು ಹೋಗಬೇಡಿ.

ರೆಕಾರ್ಡ್ ಶುರು ಮಾಡಲು ಕಂಟ್ರೋಲ್, ಶಿಫ್ಟ್, ಎಫ್9, ತಡೆಯಲು ಕಂಟ್ರೋಲ್, ಶಿಫ್ಟ್, ಎಫ್8 ಎಂದು ಹಾಟ್‌ಕೀಸ್ ಪುಟದಲ್ಲಿ ಇಟ್ಟಿದ್ದೇನೆ. ಒಂಟಿ ಕೀಲಿ ಇಟ್ಟರೆ ಅದು ಎದುರಿಗಿರುವ ತಂತ್ರಾಂಶಕ್ಕೂ ತಾಗುತ್ತದೆ. ಶುರುವಿನಲ್ಲಿ ಐದು ಸೆಕೆಂಡ್ ಸುಮ್ಮನಿರಿ. ಸದ್ದು ಉಳಿದರೆ ಧ್ವನಿ ತಿದ್ದುವ ಅಡಾಸಿಟಿಯಲ್ಲಿ ಆ ತುಣುಕನ್ನೇ ಮಾದರಿ ಕೊಟ್ಟು 12 ಡೆಸಿಬೆಲ್ ಇಳಿಸಬಹುದು. ತಪ್ಪಿದಾಗ ನಿಲ್ಲಿಸಬೇಡಿ. ಒಮ್ಮೆ ಚಪ್ಪಾಳೆ ತಟ್ಟಿ, ಎರಡು ಸೆಕೆಂಡ್ ಬಿಟ್ಟು, ಆ ವಾಕ್ಯವನ್ನು ಮೊದಲಿಂದ ಹೇಳಿ. ವಿಡಿಯೊ ಕತ್ತರಿಸಿ ಜೋಡಿಸುವ ಶಾಟ್‌ಕಟ್‌ನಲ್ಲಿ ತೆರೆದಾಗ ಧ್ವನಿಯ ಅಲೆಯಲ್ಲಿ ಚಪ್ಪಾಳೆ ಮೊಳೆಯಂತೆ ಎದ್ದು ಕಾಣುತ್ತದೆ. ಎಸ್ ಕೀಲಿಯಿಂದ ಎರಡು ಕಡೆ ಕತ್ತರಿಸಿ, ನಡುವಿನ ತುಣುಕಿನ ಮೇಲೆ ಎಕ್ಸ್ ಒತ್ತಿದರೆ ಅದು ಹೋಗಿ ಮುಂದಿನದು ತಾನೇ ಬಂದು ಕೂಡಿಕೊಳ್ಳುತ್ತದೆ.

ಶಾಲೆಯ ಲ್ಯಾಬಿನ ಹಳೆಯ ಉಬುಂಟು ಕಂಪ್ಯೂಟರಿನಲ್ಲಿ ಗ್ರಾಫಿಕ್ಸ್ ಚಿಪ್‌ಗೆ ಓಪನ್‌ಜಿಎಲ್ 3.3 ಎಂಬ ಚಿತ್ರ ಮೂಡಿಸುವ ವ್ಯವಸ್ಥೆಯ ಬೆಂಬಲ ಇಲ್ಲದಿದ್ದರೆ ಒಬಿಎಸ್ ತೆರೆಯುವುದೇ ಇಲ್ಲ. ಅಲ್ಲಿಗೆ ಸಿಂಪಲ್‌ಸ್ಕ್ರೀನ್‌ರೆಕಾರ್ಡರ್ ಹಗುರ. ಆದರೆ ಉಬುಂಟು 22.04ರಲ್ಲಿ ಲಾಗಿನ್ ಆಗುವಾಗ ಕೆಳಗಿನ ಚಕ್ರದ ಗುರುತು ಒತ್ತಿ ಉಬುಂಟು ಆನ್ ಝೋರ್ಗ್ (Ubuntu on Xorg) ಆರಿಸಿ. ಪರದೆಯನ್ನು ನಡೆಸುವ ಇನ್ನೊಂದು ವ್ಯವಸ್ಥೆಯಾದ ವೇಲ್ಯಾಂಡ್‌ನಲ್ಲಿ ಸಿಂಪಲ್‌ಸ್ಕ್ರೀನ್‌ರೆಕಾರ್ಡರ್ ಪರದೆ ಹಿಡಿಯಲಾರದು.

ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ವಿಡಿಯೊ ಎಂದಲ್ಲ, ಡಾಕ್ಯುಮೆಂಟ್ ಎಂದು ಕಳಿಸಿ. ವಿಡಿಯೊ ಎಂದರೆ ಅದು ಮತ್ತೆ ಹಿಂಡಿ ಅಕ್ಷರ ಕೆಡಿಸುತ್ತದೆ. ಜೊತೆಯ ಮೇಷ್ಟರಿಗೆ ನಿಮ್ಮ ಹೊಂದಾಣಿಕೆ ಬೇಕೆಂದರೆ ಪ್ರೊಫೈಲ್ (ಸೆಟ್ಟಿಂಗ್‌ಗಳು) ಮತ್ತು ಸೀನ್ ಕಲೆಕ್ಷನ್ (ಸೋರ್ಸ್‌ಗಳ ಜೋಡಣೆ) ಎರಡನ್ನೂ ಎಕ್ಸ್‌ಪೋರ್ಟ್ ಮಾಡಿ ಪೆನ್‌ಡ್ರೈವಿನಲ್ಲಿ ಕೊಡಿ. ಶೀರ್ಷಿಕೆಯ ಚಿತ್ರಗಳನ್ನೂ ಜೊತೆಗಿಡಲು ಮರೆಯಬೇಡಿ. ಅವರ ಕಂಪ್ಯೂಟರಿನಲ್ಲಿ ಮಿಸ್ಸಿಂಗ್ ಫೈಲ್ಸ್ ಎಂಬ ಕಿಟಕಿ ತೆರೆದರೆ ಚಿತ್ರಗಳು ಈಗಿರುವ ಜಾಗ ತೋರಿಸಲಿ, ಆಮೇಲೆ ಅವರ ಮೈಕನ್ನು ಆರಿಸಿಕೊಂಡು ಮಿಕ್ಸರ್‌ನ ಹಳದಿ ಪಟ್ಟಿಯನ್ನು ಒಮ್ಮೆ ನೋಡಿಕೊಂಡರೆ ರೆಕಾರ್ಡ್ ಶುರುಮಾಡಬಹುದು.