ಶುದ್ಧ ತಳಿಯ ಕಡಸಿಗೆ ಬೆಲೆ ಕಟ್ಟುವುದು ಹೇಗೆ: ನನ್ನ ಅನುಭವ

ಹೈನು ಫಾರ್ಮ್‌ಗಳು ಬೇರೆ ದೇಶದಿಂದ ಶುದ್ಧ ತಳಿಯ ರಾಸುಗಳನ್ನು, ಅದರಲ್ಲೂ ಕಡಸುಗಳನ್ನು (ಇನ್ನೂ ಕರು ಹಾಕದ ಹೆಣ್ಣು ರಾಸುಗಳನ್ನು) ತರಿಸುತ್ತವೆ. ಮಾರುವವರು ಕೇಳಿದ ಬೆಲೆ ಸರಿಯಾಗಿದೆಯಾ ಅಂತ ನೋಡಿ ಹೇಳುವುದು ನನ್ನ ಕೆಲಸ. ಕೈಗೆ ಬರುವ ಕೊಟೇಶನ್ ಸಾಮಾನ್ಯವಾಗಿ ಒಂದೇ ಹಾಳೆ. ತಳಿ, ವಯಸ್ಸು, ಎಷ್ಟು ತಿಂಗಳ ಗಬ್ಬ, ರಾಸಿಗೆ ಇಷ್ಟು ಡಾಲರ್ ಅಥವಾ ಯೂರೋ. ಅದರಲ್ಲಿ ಇರುವುದು ಇಷ್ಟೇ. ಆ ಬೆಲೆಯ ಒಳಗೆ ಏನೇನಿದೆ ಅಂತ ಬಿಡಿಸಿ ನೋಡಲು ನಾನು ಮಾಡಿಕೊಂಡ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಶುರು ಮಾಡುವುದು ಕಸ್ಟಮ್ಸ್ ಅಂಕಿಗಳಿಂದ. ಸರಕುಗಳನ್ನು ವಿಂಗಡಿಸಲು ಬಹುತೇಕ ಎಲ್ಲ ದೇಶಗಳ ಕಸ್ಟಮ್ಸ್ ಬಳಸುವ ಎಚ್‌ಎಸ್ ಕೋಡ್‌ನಲ್ಲಿ ಶುದ್ಧ ತಳಿಯ ದನಗಳಿಗೆ 0102.21 ಅಂತ ಜಾಗ ಇದೆ. ಇದು ಬಂದದ್ದು 2012ರಲ್ಲಿ. ಅದಕ್ಕೂ ಮೊದಲು 0102.10 ಇತ್ತು, ಅದರಲ್ಲಿ ಎಮ್ಮೆಗಳೂ ಸೇರಿದ್ದವು. ಹಾಗಾಗಿ ಹಳೆಯ ವರ್ಷಗಳ ಜೊತೆ ಹೋಲಿಸುವಾಗ ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮಾಂಸಕ್ಕೆ ಅಥವಾ ಮೇಯಿಸಿ ಬೆಳೆಸಲು ಹೋಗುವ ದನಗಳು 0102.29ರಲ್ಲಿ ಬರುತ್ತವೆ. ಈ ಎರಡು ಕೋಡ್‌ಗಳ ನಡುವೆ ದುಡ್ಡಿನ ವ್ಯತ್ಯಾಸ ದೊಡ್ಡದು. ಯುರೋಪಿಯನ್ ಒಕ್ಕೂಟಕ್ಕೆ ಶುದ್ಧ ತಳಿಯ ರಾಸು ಸುಂಕ ಇಲ್ಲದೆ ಒಳಗೆ ಬರುತ್ತದೆ. ಬೇರೆ ದನಗಳಿಗೆ ಸಾಮಾನ್ಯವಾಗಿ ಬೆಲೆಯ ಮೇಲೆ ಶೇಕಡಾವಾರು ಸುಂಕ, ಮೇಲೆ ತೂಕಕ್ಕೆ ಬೇರೆ ಸುಂಕ. ರಾಸು ಶುದ್ಧ ತಳಿಯದು ಅಂತ ತೀರ್ಮಾನ ಮಾಡುವುದು ಮೈಬಣ್ಣ ನೋಡಿ ಅಲ್ಲ. ಆ ದೇಶದ ಅಧಿಕೃತ ವ್ಯವಸ್ಥೆ ಒಪ್ಪಿದ ವಂಶಾವಳಿ ದಾಖಲೆ ಬೇಕು. ದಾಖಲೆ ಇಲ್ಲದ ಹಸು ಕೊಡ ತುಂಬ ಹಾಲು ಕೊಟ್ಟರೂ ಈ ಕೋಡ್‌ಗೆ ಸೇರುವುದಿಲ್ಲ.

ವಿಶ್ವಸಂಸ್ಥೆಯ ವ್ಯಾಪಾರ ಅಂಕಿಗಳ ಸಂಗ್ರಹವಾದ ಕಾಮ್‌ಟ್ರೇಡ್‌ನಲ್ಲಿ ಯಾವ ದೇಶ ಯಾರಿಗೆ ಎಷ್ಟು ಮಾರಿತು ಅನ್ನುವುದು ಸಿಗುತ್ತದೆ. ಒಟ್ಟು ಮೌಲ್ಯವನ್ನು ರಾಸುಗಳ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ ಬೆಲೆ ಬಂತು ಅಲ್ವಾ? ಬಂತು, ಆದರೆ ಅದನ್ನೇ ಹಿಡಿದು ಚೌಕಾಸಿಗೆ ಕೂರಬಾರದು. ಆ ಸರಾಸರಿಯಲ್ಲಿ ಏಳು ತಿಂಗಳ ಕಡಸೂ ಇರಬಹುದು, ಗಬ್ಬದ ಕಡಸೂ ಇರಬಹುದು, ಹೋರಿಯೂ ಇರಬಹುದು. ಅದಕ್ಕೇ ನಾನು ತೂಕದ ಕಾಲಂ ಕೂಡ ನೋಡುತ್ತೇನೆ. ಒಂದು ಉದಾಹರಣೆ ಲೆಕ್ಕ ಕೊಡುತ್ತೇನೆ. ಒಂದು ದೇಶದ್ದು ರಾಸಿಗೆ 1,000 ಡಾಲರ್, ಇನ್ನೊಂದರದ್ದು 1,800 ಅಂತ ಇಟ್ಟುಕೊಳ್ಳಿ. ಮೊದಲನೆಯದರ ಸರಾಸರಿ ತೂಕ 200 ಕಿಲೋ, ಎರಡನೆಯದರದ್ದು 500 ಕಿಲೋ. ಅಂದರೆ ಮೊದಲನೆಯದು ಕಿಲೋಗೆ 5 ಡಾಲರ್, ಎರಡನೆಯದು 3.60. ರಾಸಿನ ಲೆಕ್ಕದಲ್ಲಿ ಅಗ್ಗ ಅನ್ನಿಸಿದ್ದು ಎಳೆಯ ಕಡಸು. ಅದನ್ನು ಇನ್ನೂ ಒಂದು ವರ್ಷದ ಮೇಲೆ ಸಾಕಿದ ನಂತರವೇ ಹಾಲು. ಯುರೋಪಿಯನ್ ಒಕ್ಕೂಟದ ಅಂಕಿಗಳಲ್ಲಿ ಈ ತೊಂದರೆ ಕಡಿಮೆ. ಅಲ್ಲಿ ಇದೇ ಕೋಡ್ ಮುಂದೆ ಒಡೆದು, ಕರು ಹಾಕದ ಕಡಸು, ಹಸು, ಉಳಿದವು ಅಂತ ಬೇರೆ ಬೇರೆ ಲೆಕ್ಕ ಇಡುತ್ತಾರೆ.

ಮಾರಿದ ದೇಶದ ಅಂಕಿಗೂ ಕೊಂಡ ದೇಶದ ಅಂಕಿಗೂ ತಾಳೆ ಆಗುವುದಿಲ್ಲ. ರಫ್ತು ಸಾಮಾನ್ಯವಾಗಿ ಎಫ್‌ಒಬಿ ಬೆಲೆಯಲ್ಲಿರುತ್ತದೆ, ಅಂದರೆ ಹಡಗು ಹತ್ತಿಸುವ ತನಕ. ಆಮದು ಹೆಚ್ಚಿನ ದೇಶಗಳಲ್ಲಿ ಸಿಐಎಫ್, ಸಾಗಣೆ ಮತ್ತು ವಿಮೆ ಸೇರಿಸಿ. ಡಿಸೆಂಬರ್‌ನಲ್ಲಿ ಹೊರಟ ಹಡಗು ಜನವರಿಯಲ್ಲಿ ತಲುಪಿದರೆ ವರ್ಷವೇ ಬದಲಾಗುತ್ತದೆ. ನನಗೆ ಈ ವ್ಯತ್ಯಾಸ ಉಪಯೋಗಕ್ಕೇ ಬರುತ್ತದೆ. ಹಲವು ವರ್ಷಗಳ ಅಂಕಿ ಇಟ್ಟು ನೋಡಿದರೆ ಒಂದು ದಾರಿಯ ಸಾಗಣೆ ಖರ್ಚು ಸುಮಾರಾಗಿ ಎಷ್ಟಿದೆ ಅಂತ ಅಂದಾಜು ಸಿಗುತ್ತದೆ.

ಇನ್ನು ಗಬ್ಬದ ವಿಷಯ. ಬೆಲೆಯಲ್ಲಿ ಇದರಷ್ಟು ಮುಖ್ಯವಾದದ್ದು ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಹಸು ಗಬ್ಬ ಹೊರುವುದು ಸುಮಾರು 280 ದಿನ. ಯುರೋಪಿಯನ್ ಒಕ್ಕೂಟದ 2005ರ ಸಾಗಣೆ ನಿಯಮದ ಪ್ರಕಾರ, ಗಬ್ಬದ ಅವಧಿ ಶೇ. 90 ದಾಟಿದ ರಾಸನ್ನು ದೂರ ಸಾಗಿಸುವ ಹಾಗಿಲ್ಲ. ಅಂದರೆ ಸುಮಾರು 252 ದಿನಕ್ಕೆ ಬಾಗಿಲು ಮುಚ್ಚಿತು. ಈಗ ಹಿಂದಕ್ಕೆ ಎಣಿಸಿ. ಹೊರಡುವ ಮುಂಚೆ ಒಂದು ತಿಂಗಳು ಕ್ವಾರಂಟೈನ್, ಸಮುದ್ರದಲ್ಲಿ ಎರಡು ಮೂರು ವಾರ, ಇಳಿದ ಮೇಲೆ ಮತ್ತೆ ಕ್ವಾರಂಟೈನ್. ನಾಲ್ಕು ತಿಂಗಳ ಗಬ್ಬದ ಕಡಸನ್ನು ಆರಿಸಿದರೆ ಅದು ಕೊಟ್ಟಿಗೆಗೆ ಬರುವಾಗ ಏಳು ತಿಂಗಳು ಮುಟ್ಟಿರುತ್ತದೆ. ಒಂದು ಪರೀಕ್ಷೆಯ ಫಲಿತಾಂಶ ತಡವಾದರೂ, ಹಡಗು ಬರುವುದು ಮುಂದಕ್ಕೆ ಹೋದರೂ, ಹೆಚ್ಚು ದಿನ ತುಂಬಿದ ಕಡಸುಗಳು ಗುಂಪಿನಿಂದ ಹೊರಗೆ. ಅವುಗಳ ಜಾಗಕ್ಕೆ ಯಾವುದನ್ನು ಸೇರಿಸುತ್ತಾರೆ, ಯಾವ ಬೆಲೆಗೆ? ಇದನ್ನು ನಾನು ಮೊದಲೇ ಬರೆಸಿಕೊಳ್ಳುತ್ತೇನೆ. ಒಳಗಿರುವ ಕರು ಯಾವ ಹೋರಿಯದು ಅನ್ನುವುದನ್ನೂ ಕೇಳುತ್ತೇನೆ. ಹೆಣ್ಣುಕರು ಜಾಸ್ತಿ ಬರುವ ಲಿಂಗ ವಿಂಗಡಿಸಿದ ವೀರ್ಯ ಕೊಟ್ಟಿದ್ದರೆ ಜಾಸ್ತಿ ಬೆಲೆಗೆ ಅರ್ಥ ಇದೆ. ಮಾಂಸದ ತಳಿಯ ವೀರ್ಯ ಕೊಟ್ಟಿದ್ದರೆ, ಆ ಕರು ಹಾಲಿನ ಫಾರ್ಮ್‌ಗೆ ಹಿಂಡು ಬೆಳೆಸುವ ಕರು ಅಲ್ಲ.

ರೋಗದ ಭೂಪಟ ಬೆಲೆಯನ್ನು ಒಂದೇ ದಿನದಲ್ಲಿ ಬದಲಿಸಿಬಿಡುತ್ತದೆ. 2025ರ ಜನವರಿಯಲ್ಲಿ ಜರ್ಮನಿಯ ಬ್ರಾಂಡೆನ್‌ಬುರ್ಗ್‌ನಲ್ಲಿ ಎಮ್ಮೆಗಳಿಗೆ ಕಾಲುಬಾಯಿ ಜ್ವರ ಕಾಣಿಸಿತು. 1988ರ ನಂತರ ಆ ದೇಶದಲ್ಲಿ ಅದೇ ಮೊದಲು. ಹಲವು ದೇಶಗಳು ಕೂಡಲೇ ಅಲ್ಲಿನ ದನಗಳಿಗೆ ಬಾಗಿಲು ಹಾಕಿದವು. ಮಾರ್ಚ್‌ನಲ್ಲಿ ಹಂಗೇರಿ, ಸ್ಲೊವಾಕಿಯಾಗಳಲ್ಲೂ ಬಂತು. ಒಬ್ಬ ಮಾರಾಟಗಾರ ಹೊರಗಾದರೆ ಬೇಡಿಕೆ ಪಕ್ಕದವರ ಮೇಲೆ ಬೀಳುತ್ತದೆ, ಅಲ್ಲಿ ದರ ಏರುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ನೀಲಿ ನಾಲಿಗೆ ರೋಗದ ಹೊಸ ಬಗೆ ಕಾಣಿಸಿಕೊಂಡು ಸುತ್ತಲಿನ ದೇಶಗಳಿಗೂ ಹರಡಿತು. ಹಾಗಾಗಿ ಕೊಟೇಶನ್ ಓದುವ ಮುಂಚೆ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ವರದಿ ತೆರೆದು ನೋಡುವುದು ನನಗೆ ರೂಢಿ. ಕ್ಷಯ, ಬ್ರುಸೆಲ್ಲಾ, ಬಿವಿಡಿ, ಐಬಿಆರ್ (ಇವೆಲ್ಲ ದನಗಳಿಗೆ ಅಂಟುವ ರೋಗಗಳು) ಪರೀಕ್ಷೆಗಳ ಖರ್ಚು ಯಾರದ್ದು, ಪರೀಕ್ಷೆಯಲ್ಲಿ ಬಿದ್ದ ರಾಸಿನ ನಷ್ಟ ಯಾರದ್ದು ಅನ್ನುವುದು ಮುಂದಿನ ಪ್ರಶ್ನೆ.

ತಳಿಯ ಗುಣದ ಅಂಕಗಳನ್ನು, ಅಂದರೆ ಹಾಲಿನಂಥ ಗುಣಗಳು ಮರಿಗಳಿಗೆ ಎಷ್ಟು ಇಳಿಯಬಹುದು ಅನ್ನುವ ಅಂದಾಜನ್ನು, ಓದುವುದು ಕಲಿಯಲು ನನಗೆ ಸಮಯ ಹಿಡಿಯಿತು. ಒಂದೊಂದು ದೇಶದ ಅಳತೆ ಒಂದೊಂದು ತರ. ಒಂದೇ ಹೋರಿ ಒಂದು ದೇಶದ ಪಟ್ಟಿಯಲ್ಲಿ ಮೇಲಿದ್ದು ಇನ್ನೊಂದರಲ್ಲಿ ನಡುವೆ ಇರಬಹುದು. ಸ್ವೀಡನ್‌ನ ಉಪ್ಸಾಲಾದಲ್ಲಿರುವ ಇಂಟರ್‌ಬುಲ್ ಕೇಂದ್ರ ಹೋರಿಗಳ ಅಂಕಗಳನ್ನು ಪ್ರತಿ ದೇಶದ ಅಳತೆಗೆ ಹೊಂದಿಸಿ ಕೊಡುತ್ತದೆ. ಕಡಸಿನ ತಂದೆಯ ಅಂಕವನ್ನು ನಾನು ಅಲ್ಲಿಂದಲೇ ತಾಳೆ ನೋಡುವುದು. ಅಮೆರಿಕ ಐದು ವರ್ಷಕ್ಕೊಮ್ಮೆ ತನ್ನ ಮೂಲ ಅಳತೆಯನ್ನೇ, ಅಂದರೆ ಸೊನ್ನೆ ಅಂತ ಇಟ್ಟುಕೊಂಡು ಹೋಲಿಸುವ ಸರಾಸರಿಯನ್ನೇ, ಬದಲಿಸುತ್ತದೆ. ಕೊನೆಯದಾಗಿ ಬದಲಿಸಿದ್ದು 2025ರ ಏಪ್ರಿಲ್‌ನಲ್ಲಿ. ಅದಕ್ಕೂ ಹಿಂದಿನ ಕ್ಯಾಟಲಾಗ್‌ನಲ್ಲಿ ಹಾಲಿನ ಅಂಕ ದೊಡ್ಡದಾಗಿ ಕಾಣುತ್ತದೆ, ರಾಸು ಮಾತ್ರ ಅದೇ.

ಹರಾಜಿನ ದಾಖಲೆ ಬೆಲೆಗಳನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 2009ರಲ್ಲಿ ಕೆನಡಾದಲ್ಲಿ ಮಿಸ್ಸಿ ಎಂಬ ಹೋಲ್‌ಸ್ಟೀನ್ ಹಸು 12 ಲಕ್ಷ ಡಾಲರ್‌ಗೆ ಹೋಯಿತು. ಬ್ರೆಜಿಲ್‌ನ ವಿಯಾಟಿನಾ-19 ಎಂಬ ನೆಲೋರ್ ಹಸುವಿನ ಬೆಲೆ 2023ರಲ್ಲಿ 40 ಲಕ್ಷ ಡಾಲರ್ ದಾಟಿತು. ಆಂಧ್ರದ ಒಂಗೋಲ್ ತಳಿಯಿಂದ ಬೆಳೆದ ನೆಲೋರ್‌ಗೆ ಇಂಥ ಬೆಲೆ ಬಂದದ್ದು ನನಗೆ ನಿಜವಾಗಿ ಖುಷಿ ಕೊಟ್ಟ ಸುದ್ದಿ. ಆದರೆ ಅದು ಭ್ರೂಣ ಮತ್ತು ಅಂಡಾಣು ಮಾರುವವರ ಲೆಕ್ಕ, ಕೊಟ್ಟಿಗೆ ತುಂಬಿಸುವವರದ್ದಲ್ಲ.

ರಾಸಿನ ಬದಲು ಹೆಪ್ಪುಗಟ್ಟಿಸಿದ ವೀರ್ಯದ ಕಡ್ಡಿ ತರಿಸಿದರೆ ಸಾಲದಾ ಅಂತ ಎಲ್ಲರೂ ಕೇಳುತ್ತಾರೆ. ಹಿಂಡು ಆಗಲೇ ಇರುವವರಿಗೆ ಧಾರಾಳವಾಗಿ ಸಾಕು, ನಾನೂ ಅದನ್ನೇ ಹೇಳುತ್ತೇನೆ. ಆದರೆ ಕಡ್ಡಿಯಿಂದ ಕರು, ಕರುವಿನಿಂದ ಕಡಸು, ಕಡಸಿನಿಂದ ಹಾಲು ಅಂದರೆ ಮೂರು ವರ್ಷದ ಹತ್ತಿರ. ಗಬ್ಬದ ಕಡಸು ತಿಂಗಳುಗಳಲ್ಲಿ ಹಾಲಿಗೆ ಬರುತ್ತದೆ. ಅವಸರ ಇರುವವರೇ ಅದನ್ನು ಕೊಳ್ಳುವುದು. 2017ರಲ್ಲಿ ನೆರೆ ದೇಶಗಳು ಗಡಿ ಮುಚ್ಚಿದಾಗ ಕತಾರ್ ವಿಮಾನದಲ್ಲೇ ಹಸು ತರಿಸಿತು. ಹಾಲಿಗೆ ಮೆಲಮೈನ್ ಎಂಬ ರಾಸಾಯನಿಕ ಬೆರೆಸಿದ 2008ರ ಹಗರಣದ ನಂತರ ಚೀನಾ ದೊಡ್ಡ ಫಾರ್ಮ್‌ಗಳನ್ನು ಕಟ್ಟಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಉರುಗ್ವೆಗಳಿಂದ ಕಡಸುಗಳನ್ನು ತರಿಸಿತು. ಅಲ್ಲೇ ಹಾಲಿನ ಬೆಲೆ ಬಿದ್ದಾಗ 2023ರಿಂದ ಆ ಆಮದು ಜೋರಾಗಿ ಇಳಿಯಿತು. ಹಾಲಿನ ದರ ನೋಡದೆ ಕಡಸಿನ ದರದ ಬಗ್ಗೆ ನಾನು ಮಾತಾಡುವುದಿಲ್ಲ.

ಸಾಗಣೆಯಲ್ಲಿ ಮಾತ್ರ ನಾನು ಅಗ್ಗದ್ದನ್ನು ಹುಡುಕುವುದಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ನ್ಯೂಜಿಲೆಂಡ್‌ನಿಂದ ಚೀನಾಕ್ಕೆ ಹೊರಟಿದ್ದ ಗಲ್ಫ್ ಲೈವ್‌ಸ್ಟಾಕ್ 1 ಹಡಗು ಜಪಾನ್ ಹತ್ತಿರ ಮುಳುಗಿತು. 43 ಸಿಬ್ಬಂದಿಯಲ್ಲಿ ಬದುಕಿ ಉಳಿದವರು ಇಬ್ಬರೇ. ಸುಮಾರು 5,800 ದನಗಳು ಹೋದವು. 2023ರ ಏಪ್ರಿಲ್ ಕೊನೆಯಿಂದ ನ್ಯೂಜಿಲೆಂಡ್ ಸಮುದ್ರ ದಾರಿಯಲ್ಲಿ ಜೀವಂತ ದನಗಳ ರಫ್ತನ್ನೇ ನಿಲ್ಲಿಸಿತು. ಹಡಗಿನ ವಯಸ್ಸು, ಗಾಳಿಯ ವ್ಯವಸ್ಥೆ, ಜೊತೆಗೆ ಹೋಗುವ ಪಶುವೈದ್ಯರು, ಹಿಂದಿನ ಪ್ರಯಾಣಗಳಲ್ಲಿ ಸತ್ತ ರಾಸುಗಳ ಲೆಕ್ಕ, ಇವನ್ನೆಲ್ಲ ಕೇಳಿ ತಿಳಿಯಬೇಕು. ಆಸ್ಟ್ರೇಲಿಯಾ ಸರ್ಕಾರ ಈ ಲೆಕ್ಕವನ್ನು ಪ್ರಕಟಿಸುತ್ತದೆ, ನೋಡಬಹುದು. ಒಪ್ಪಂದದಲ್ಲಿ ದಾರಿಯಲ್ಲಿ ಸತ್ತ ಮತ್ತು ಕಂದು ಹಾಕಿದ ರಾಸಿನ ಹಣ ಯಾರು ಭರಿಸಬೇಕು, ಇಳಿದ ಮೇಲೆ ಎಷ್ಟು ದಿನದ ತನಕ ಭರಿಸಬೇಕು ಅಂತ ಬರೆದಿರಬೇಕು. ಇವೆರಡೂ ಸಿಕ್ಕಿದ ಮೇಲೆ ಮಾತ್ರ ನಾನು ರಾಸಿಗೆ ಇಷ್ಟು ಅಂತ ಸಂಖ್ಯೆ ಬರೆದು ಕೊಡುತ್ತೇನೆ.