ಹಳೇ ಕಾರಿನ ಅಲಾರಂ ಬಿಚ್ಚುವ ಮುನ್ನ ಕತ್ತರಿ ಕೆಳಗಿಡಿ

ತೊಂಬತ್ತರ ದಶಕದಲ್ಲಿ ಮಾರುತಿ 800 ಕೊಂಡವರಲ್ಲಿ ಎಷ್ಟೋ ಜನ ಷೋರೂಮಿನಿಂದ ಸೀದಾ ಆಕ್ಸೆಸರೀಸ್ ಅಂಗಡಿಗೆ ಹೋಗುತ್ತಿದ್ದರು. ಬೆಂಗಳೂರಿನವರಾದರೆ ಜೆ.ಸಿ. ರಸ್ತೆಗೆ. ಸೀಟ್ ಕವರ್, ಸ್ಟೀರಿಯೊ, ಜೊತೆಗೊಂದು ರಿಮೋಟ್ ಅಲಾರಂ. ಆ ಕಾರನ್ನು ಈಗಲೂ ಆಸೆಯಿಂದ ಇಟ್ಟುಕೊಂಡವರಿಗೆ ಕಾಟ ಕೊಡುವುದು ಅದೇ ಅಲಾರಂ. ರಿಮೋಟ್ ಎಲ್ಲೋ ಕಳೆದಿರುತ್ತದೆ. ದೀಪಾವಳಿ ಪಟಾಕಿಗೆ ಸೈರನ್ ಬೀದಿಯನ್ನೇ ಎಬ್ಬಿಸುತ್ತದೆ. ಕೆಲವೊಮ್ಮೆ ನಡುರಸ್ತೆಯಲ್ಲಿ ಎಂಜಿನ್ ಆಫ್ ಆಗುತ್ತದೆ.

ಇಲ್ಲಿ ಹೇಳುತ್ತಿರುವುದು ಕಾರ್ಬ್ಯುರೇಟರ್ ಕಾಲದ 800, ಪ್ರೀಮಿಯರ್ ಪದ್ಮಿನಿಯಂಥ ಕಾರುಗಳ ಬಗ್ಗೆ. ಕಂಪನಿಯಿಂದಲೇ ಇಮ್ಮೊಬಿಲೈಸರ್ (ಸರಿಯಾದ ಕೀ ಇಲ್ಲದಿದ್ದರೆ ಎಂಜಿನ್ ಓಡದಂತೆ ತಡೆಯುವ ವ್ಯವಸ್ಥೆ) ಬಂದಿದ್ದರೆ ಅದನ್ನು ಮುಟ್ಟಲು ಹೋಗಬೇಡಿ.

ಮೊದಲು ಕರೆಂಟ್ ಎಷ್ಟು ಸೋರುತ್ತಿದೆ ನೋಡಿ. ಕೀ ತೆಗೆದು, ಬಾಗಿಲು ಮುಚ್ಚಿ. ಬಾನೆಟ್ ಕೆಳಗಿನ ಸೈರನ್‌ಗೆ ಕೀ ತೂತು ಇದ್ದರೆ ಮೊದಲು ಅದನ್ನು ಆಫ್ ಮಾಡಿ, ಕಾರಣ ಮುಂದೆ ಹೇಳುತ್ತೇನೆ. 10 ನಂಬರ್ ಸ್ಪ್ಯಾನರ್‌ನಿಂದ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ, ಟರ್ಮಿನಲ್ಲಿಗೂ ಕೇಬಲ್ಲಿಗೂ ನಡುವೆ ಮಲ್ಟಿಮೀಟರನ್ನು 10 ಆಂಪಿಯರ್ ರೇಂಜಿನಲ್ಲಿಟ್ಟು ಸೇರಿಸಿ. ಈ ಸ್ಥಿತಿಯಲ್ಲಿ ಸೆಲ್ಫ್ ಹೊಡೆಯಬಾರದು, ಮೀಟರಿನ ಫ್ಯೂಸ್ ಹೋಗುತ್ತದೆ. 30 ಮಿಲಿ ಆಂಪಿಯರ್ ತೋರಿಸಿತು ಅಂದುಕೊಳ್ಳಿ. ದಿನಕ್ಕೆ 0.72 ಆಂಪಿಯರ್ ಅವರ್ ಖರ್ಚು. 35 ಆಂಪಿಯರ್ ಅವರ್ ಬ್ಯಾಟರಿ ಮೂರು ವಾರದಲ್ಲಿ ಹತ್ತಿರ ಹತ್ತಿರ ಅರ್ಧ ಖಾಲಿ. ಭಾನುವಾರಕ್ಕೊಮ್ಮೆ ಮಾತ್ರ ಹೊರಗೆ ತೆಗೆಯುವ ಕಾರಿಗೆ ಇದು ಜಾಸ್ತಿಯೇ. ಈ ಅಂಕಿ ಬರೆದಿಟ್ಟುಕೊಳ್ಳಿ.

ಇನ್ನು ಸೈರನ್. ಬಾನೆಟ್ ಕೆಳಗಿನ ಈ ಕಪ್ಪು ಡಬ್ಬಿಗೆ ಸಣ್ಣ ಕೀ ತೂತು ಇದ್ದರೆ, ಒಳಗೆ ಅದರದ್ದೇ ಬ್ಯಾಟರಿ ಇರುವ ಸಾಧ್ಯತೆ ಹೆಚ್ಚು. ಆ ಕೀಯಿಂದ ಸೈರನ್ ಆಫ್ ಮಾಡದೆ ಕಾರಿನ ಬ್ಯಾಟರಿ ತೆಗೆದರೆ ಕಿವಿ ಹರಿದುಹೋಗುವಂತೆ ಕಿರುಚುತ್ತದೆ.

ಬ್ಯಾಟರಿ ಬಿಚ್ಚಿದ ಮೇಲೆ ಅಲಾರಂನ ಮುಖ್ಯ ಡಬ್ಬಿ ಹುಡುಕಿ. ಡ್ಯಾಶ್‌ಬೋರ್ಡ್ ಮೇಲೆ ಮಿನುಗುವ ಕೆಂಪು ಎಲ್‌ಇಡಿಯ ವೈರ್ ಹಿಡಿದು ಹೋದರೆ ಸಾಮಾನ್ಯವಾಗಿ ಪೆಡಲ್‌ಗಳ ಮೇಲ್ಭಾಗದಲ್ಲೋ ಗ್ಲೋವ್ ಬಾಕ್ಸ್ ಹಿಂದೆಯೋ ಸಿಗುತ್ತದೆ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಈಗ ಡಬ್ಬಿಯ ಪ್ಲಗ್ ಮಾತ್ರ ಎಳೆಯಿರಿ, ಬ್ಯಾಟರಿ ಮತ್ತೆ ಸೇರಿಸಿ, ಕಾರು ಸ್ಟಾರ್ಟ್ ಆಗುತ್ತದಾ ನೋಡಿ. ಸ್ಟಾರ್ಟ್ ಆದರೂ ಆಗದಿದ್ದರೂ ಗಾಬರಿ ಬೇಡ. ಎಂಜಿನ್ ತಡೆಯುವ ರಿಲೇಯನ್ನು (ಕರೆಂಟಿನಿಂದ ಕೆಲಸ ಮಾಡುವ ಸ್ವಿಚ್) ಹೇಗೆ ಜೋಡಿಸಿದ್ದಾರೆ ಅನ್ನುವುದಷ್ಟೇ ಇದರಿಂದ ತಿಳಿಯುತ್ತದೆ. ಸ್ಟಾರ್ಟ್ ಆಯಿತು ಅಂತ ಅಷ್ಟಕ್ಕೇ ಬಿಡಬೇಡಿ. ಆ ಹಳೇ ರಿಲೇ ಇನ್ನೂ ದಾರಿಯಲ್ಲೇ ಕೂತಿದೆ, ಎಂದೋ ಒಂದು ದಿನ ಕೈಕೊಡುತ್ತದೆ.

ಕೆಲಸದ ಜೀವಾಳ ಈ ರಿಲೇ. ಇಗ್ನಿಷನ್ ಸ್ವಿಚ್‌ನಿಂದ ಕಾಯಿಲ್‌ಗೋ ಸೆಲ್ಫ್‌ಗೋ ಹೋಗುವ ದಪ್ಪ ವೈರನ್ನು ಅಂದಿನ ಎಲೆಕ್ಟ್ರಿಷಿಯನ್ ನಡುವೆ ಕತ್ತರಿಸಿ, ಎರಡೂ ತುದಿಗಳನ್ನು ರಿಲೇಗೆ ಕೊಟ್ಟಿರುತ್ತಾನೆ. ಈ ಕಾರುಗಳ ಪೆಟ್ರೋಲ್ ಪಂಪ್ ಕರೆಂಟಿನಿಂದಲ್ಲ, ಎಂಜಿನ್ನಿನಿಂದಲೇ ಓಡುವಂಥದ್ದು, ಹಾಗಾಗಿ ಅಲ್ಲಿ ಹುಡುಕುವುದು ಸುಮ್ನೆ ಶ್ರಮ. ರಿಲೇ ಕಾಲುಗಳ ಪಕ್ಕ ಬರೆದ ಸಂಖ್ಯೆಗಳಲ್ಲಿ 85, 86 ಅಲಾರಂ ಕಡೆಯವು. 30 ಮತ್ತು 87 ಅಥವಾ 87ಎಗೆ ಬಂದಿರುವ ವೈರ್‌ಗಳೇ ನಿಮಗೆ ಬೇಕಾದವು. ಅವುಗಳ ಹಿಂದೆ ಹೋದರೆ ಕಾರಿನ ಮೂಲ ವೈರಿನ ಎರಡು ತುಂಡು ಸಿಗುತ್ತವೆ. ಎರಡಕ್ಕೂ ಒಂದೇ ಬಣ್ಣ, ಒಂದೇ ಗೆರೆ. ಅಲಾರಂ ವೈರಿನ ಬಣ್ಣವನ್ನಂತೂ ನಂಬಬೇಡಿ. ಅಂದು ಕೈಗೆ ಸಿಕ್ಕಿದ್ದನ್ನು ಹಾಕಿರುತ್ತಾರೆ.

ಬ್ಯಾಟರಿ ಮತ್ತೆ ಬಿಚ್ಚಿ, ಆ ಎರಡು ತುಂಡುಗಳನ್ನು ಸೋಲ್ಡರ್ ಮಾಡಿ, ಮೇಲೆ ಹೀಟ್ ಶ್ರಿಂಕ್ ಟ್ಯೂಬ್ ಹಾಕಿ. ಟ್ಯೂಬನ್ನು ಸೋಲ್ಡರ್‌ಗೆ ಮುಂಚೆಯೇ ವೈರಿಗೆ ತೂರಿಸಿಕೊಳ್ಳಬೇಕು, ಆಮೇಲೆ ನೆನಪಾದರೆ ಪ್ರಯೋಜನವಿಲ್ಲ. ತುದಿ ಗಿಡ್ಡವಾದರೆ ಅಷ್ಟೇ ದಪ್ಪದ ವೈರ್ ತುಂಡು ಸೇರಿಸಿ. ಬರೀ ತಿರುಚಿ ಟೇಪ್ ಸುತ್ತುವುದು ಬೇಡವೇ ಬೇಡ. ನಮ್ಮ ಬಿಸಿಲಿಗೆ ಟೇಪಿನ ಗೋಂದು ಕರಗಿ ಬಿಚ್ಚಿಕೊಳ್ಳುತ್ತದೆ, ಸಡಿಲ ಜಾಯಿಂಟ್ ಬಿಸಿಯಾಗುತ್ತದೆ. ಹಳೇ ಕಾರಿಗೆ ಬೆಂಕಿ ಹತ್ತಲು ಇಷ್ಟು ಸಾಕು.

ಉಳಿದವು ಸುಲಭ. ಇಂಡಿಕೇಟರ್‌ಗೆ ಎರಡು, ಬಾಗಿಲ ಸ್ವಿಚ್‌ಗೆ ಒಂದು, ಬ್ಯಾಟರಿಗೆ ಫ್ಯೂಸ್ ಇರುವ ಒಂದು ವೈರ್ ಹೋಗಿರುತ್ತದೆ. ಇವೆಲ್ಲ ಮೂಲ ವೈರನ್ನು ಕೆರೆದು ಸುತ್ತಿದವು. ಒಂದೊಂದಾಗಿ ಬಿಡಿಸಿ, ಗಾಯವಾದ ಜಾಗವನ್ನು ಚೆನ್ನಾಗಿ ಇನ್ಸುಲೇಟ್ ಮಾಡಿ.

ಸೆಂಟ್ರಲ್ ಲಾಕ್ ಇದ್ದರೆ ಅದರ ಮೋಟಾರನ್ನೂ ತೆಗೆಯುವುದೇ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಕರೆಂಟ್ ಇಲ್ಲದ ಮೋಟಾರ್ ಬಾಗಿಲೊಳಗೆ ಉಳಿದರೆ ಲಾಕ್ ಬಿಗಿಯಾಗುತ್ತದೆ. ಬಾಗಿಲ ಪ್ಯಾಡ್ ಬಿಚ್ಚಿ, ಮೂಲ ಕಂಬಿಗೆ ಕಚ್ಚಿಸಿದ ಚಿಕ್ಕ ಸ್ಕ್ರೂ ಸಡಿಲಿಸಿದರೆ ಸಾಕು. ಸೈರನ್, ಬಾನೆಟ್ ಸ್ವಿಚ್ ಇದ್ದ ತೂತುಗಳಿಗೆ ಪ್ರೈಮರ್ ಬಳಿದು ರಬ್ಬರ್ ಗ್ರೊಮೆಟ್ ಹಾಕಿ, ಇಲ್ಲದಿದ್ದರೆ ಮಳೆಗಾಲದಲ್ಲಿ ತುಕ್ಕು ಅಲ್ಲಿಂದಲೇ ಶುರು.

ಕೊನೆಗೆ ಮೊದಲಿನಂತೆಯೇ ಮೀಟರ್ ಇಟ್ಟು ನೋಡಿ. ಗಡಿಯಾರ, ಸ್ಟೀರಿಯೊ ಬಿಟ್ಟರೆ ಬೇರೇನೂ ಕರೆಂಟ್ ಎಳೆಯಬಾರದು. ಕಳ್ಳರ ಭಯವಿದ್ದರೆ ಗೇರ್ ಲಾಕ್ ಹಾಕಿಸಿ. ವಿಮೆ ಪತ್ರವನ್ನೂ ಒಮ್ಮೆ ತೆಗೆದು ನೋಡಿ. ವಾಹನಗಳನ್ನು ಪರೀಕ್ಷಿಸುವ ಎಆರ್‌ಎಐ ಸಂಸ್ಥೆ ಒಪ್ಪಿದ ಕಳ್ಳತನ ತಡೆ ಸಾಧನಕ್ಕೆ ಸ್ವಂತ ಹಾನಿ ಪ್ರೀಮಿಯಂನಲ್ಲಿ ಶೇ 2.5, ಗರಿಷ್ಠ 500 ರೂಪಾಯಿ ರಿಯಾಯಿತಿ ಕೊಡುವ ಪದ್ಧತಿ ಇದೆ. ನೀವು ಅದನ್ನು ಪಡೆಯುತ್ತಿದ್ದರೆ, ಅಲಾರಂ ತೆಗೆದ ವಿಷಯವನ್ನು ಕಂಪನಿಗೆ ಬರಹದಲ್ಲಿ ತಿಳಿಸಿ.