ರೆಪ್ಪೆಯ ಶಸ್ತ್ರಚಿಕಿತ್ಸೆ ಆದಮೇಲೆ ಕಣ್ಣು ಒಣಗದಂತೆ ಕಾಯ್ದುಕೊಂಡ ಬಗೆ

ಜೋತುಬಿದ್ದ ಮೇಲ್ರೆಪ್ಪೆಯನ್ನು ಎತ್ತಿಸಿಕೊಂಡವರು ಹೊಲಿಗೆಯ ಚಿಂತೆಯಲ್ಲೇ ಇರುತ್ತಾರೆ. ಹೊಲಿಗೆ ವಾರದೊಳಗೆ ಕೂಡುತ್ತದೆ. ಕಾಯಬೇಕಾದದ್ದು ಕಣ್ಣುಗುಡ್ಡೆಯನ್ನು. ಎತ್ತಿದ ರೆಪ್ಪೆ ಕೆಲವು ವಾರ ಪೂರ್ತಿ ಮುಚ್ಚದೆ, ನಿದ್ದೆಯಲ್ಲಿ ಒಂದೆರಡು ಮಿಲಿಮೀಟರ್ ಸಂದಿ ಉಳಿಯಬಹುದು. ವಿಜಯಪುರದ ಬೇಸಿಗೆಯ ಒಣಗಾಳಿ, ಮೇಲೆ ಫ್ಯಾನ್. ಬೆಳಗಾಗುವಷ್ಟರಲ್ಲಿ ಕಣ್ಣಲ್ಲಿ ಉಸುಕು ಹೊಕ್ಕಂತೆ. ಸಂದಿ ಇದೆಯೋ ಇಲ್ಲವೋ ನಮಗೇ ತಿಳಿಯುವುದಿಲ್ಲ. ನಿದ್ದೆ ಹತ್ತಿದ ಮೇಲೆ ನೋಡಲು ಮನೆಯವರಿಗೆ ಹೇಳಿದೆ: ಬಿಳಿ ಗೆರೆ ಕಾಣುತ್ತಿತ್ತು.

ವೈದ್ಯರು ಬರೆದಂತೆ ಹಗಲು ಎರಡು ತಾಸಿಗೊಮ್ಮೆ 0.5% ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಹನಿ, ಅಂದರೆ ಕಣ್ಣು ತೇವವಾಗಿಡುವ ಕೃತಕ ಕಣ್ಣೀರು. ಇಷ್ಟು ಸಲ ಹಾಕುವುದಾದರೆ ಪ್ರಿಸರ್ವೇಟಿವ್ (ಔಷಧಿ ಕೆಡದಂತೆ ಬೆರೆಸುವ ರಾಸಾಯನಿಕ) ಇಲ್ಲದ್ದು ಬೇಕು, ಇಲ್ಲವಾದರೆ ಔಷಧಿಯೇ ಕಣ್ಣು ಉರಿಸುತ್ತದೆ. ಕೆಳರೆಪ್ಪೆಯನ್ನಷ್ಟೇ ಎಳೆದು ಒಂದೇ ಹನಿ. ಮೇಲಿನದನ್ನು ಹಿಡಿದರೆ ಹೊಲಿಗೆ ಜಗ್ಗುತ್ತದೆ. ಎರಡು ಔಷಧಿಗಳ ನಡುವೆ ಐದು ನಿಮಿಷ. ಮುಲಾಮು ಯಾವಾಗಲೂ ಕೊನೆಗೆ, ಜಿಡ್ಡಿನ ಮೇಲೆ ಹನಿ ನಿಲ್ಲುವುದಿಲ್ಲ. ಕಣ್ಣೊಳಗಿನ ದಪ್ಪ ಮುಲಾಮು ರಾತ್ರಿಗೆ ಮಾತ್ರ, ಹಗಲು ಹಾಕಿದರೆ ಎಲ್ಲ ಮಂಜು. ಕೂಲರ್ ಮುಖಕ್ಕೆ ಬಡಿಯದಂತೆ ತಿರುಗಿಸಿಟ್ಟೆ. ಅರ್ಧ ತೊಂದರೆ ಅಲ್ಲಿಗೇ ಕಡಿಮೆಯಾಯಿತು.

ಮೊದಲ 48 ತಾಸು ತಂಪು: ಎಚ್ಚರಿದ್ದಾಗ ತಾಸಿಗೊಮ್ಮೆ 10 ನಿಮಿಷ. ರೆಪ್ಪೆ ಜೋಮು ಹಿಡಿದಿರುವುದರಿಂದ ಮಂಜುಗಡ್ಡೆಯನ್ನು ನೇರ ಇಟ್ಟರೆ ಚರ್ಮ ಸುಟ್ಟರೂ ಗೊತ್ತಾಗದು. ಫ್ರೀಜರ್‌ನ ಬಟಾಣಿ ಪ್ಯಾಕೆಟ್ಟನ್ನು ಶುಭ್ರ ಬಟ್ಟೆಯಲ್ಲಿ ಸುತ್ತಿದರೆ ಕಣ್ಣಿನ ಗುಳಿಗೆ ಸರಿಯಾಗಿ ಕೂಡುತ್ತದೆ, ಭಾರವೂ ಬೀಳದು. ಎರಡು ದಿಂಬಿನ ಮೇಲೆ ಅಂಗಾತ ಮಲಗಬೇಕು. ಮೂರನೆಯ ದಿನ ಕಣ್ಣ ಸುತ್ತ ಕಟ್ಟಿದ ಕಪ್ಪು ಕೆನ್ನೆಗಿಳಿದರೆ ಗಾಬರಿ ಬೇಡ, ರಕ್ತ ಕೆಳಗೆ ಜಾರಿದ್ದಷ್ಟೇ. ಆದರೆ ಮೊದಲ ದಿನ ಒಮ್ಮೆಲೇ ಜೋರು ನೋವು, ಗುಡ್ಡೆ ಮುಂದೆ ಉಬ್ಬುವುದು, ದೃಷ್ಟಿ ಮಬ್ಬಾಗುವುದು ಕಂಡರೆ ಬೆಳಗಿನವರೆಗೆ ಕಾಯಬಾರದು. ಗುಡ್ಡೆಯ ಹಿಂದೆ ರಕ್ತ ತುಂಬಿ ಕಣ್ಣಿನ ನರವನ್ನು ಒತ್ತುತ್ತಿರಬಹುದು, ಕೆಲವೇ ತಾಸಿನಲ್ಲಿ ದೃಷ್ಟಿ ಹೋದೀತು.

ಒಣಗಿದ ಹಕ್ಕಳೆಯನ್ನು ಉಗುರಿನಿಂದ ಎಬ್ಬಿಸದೆ, ಕುದಿಸಿ ಆರಿಸಿದ ನೀರಲ್ಲಿ ಅದ್ದಿದ ಗಾಜ್ ಬಟ್ಟೆಯಿಂದ ಮೂಗಿನ ಕಡೆಯಿಂದ ಹೊರಕ್ಕೆ ಒಂದೇ ಸಲ ಒರೆಸಿ ಬಿಸಾಡುವುದು. ಹರಳೆಣ್ಣೆ, ಎದೆಹಾಲು ಬಿಡಲು ಹೇಳುವ ಹಿರಿಯರು ಎಲ್ಲ ಮನೆಯಲ್ಲೂ ಇದ್ದಾರೆ. ಹಸಿ ಗಾಯಕ್ಕೆ ಎರಡೂ ಬೇಡ. ಒಲೆ ಮುಂದೆ ರೊಟ್ಟಿ ಬಡಿಯುವ ಕೆಲಸವನ್ನೂ ಎರಡು ವಾರ ಬೇರೆಯವರಿಗೆ ಬಿಡಬೇಕು: ಬಾಗಿದರೆ ಬಾವು ಏರುತ್ತದೆ, ಹೊಗೆಗೆ ಕಣ್ಣು ಉರಿದರೆ ಕೈ ತಾನಾಗಿ ಉಜ್ಜಲು ಹೋಗುತ್ತದೆ. ತಪಾಸಣೆಗೆ ಬಸ್ಸಿನಲ್ಲಿ ಹೋಗುವಾಗ ಕಿಟಕಿ ಸೀಟು ಬಿಟ್ಟು, ಪಕ್ಕದಿಂದಲೂ ಮುಚ್ಚುವ ಕಪ್ಪು ಕನ್ನಡಕ ಹಾಕಿಕೊಂಡೆ.